ಹಳೆಯ ಎಲೆಕ್ಟ್ರಿಕ್ ಒಲೆ ಕೊಂಡ ಮೇಲೆ ಜಾಯಿಂಟ್ ನೋಡಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಅಮೆರಿಕದ ಹಳೆಯ ಎಲೆಕ್ಟ್ರಿಕ್ ರೇಂಜ್‌ಗಳ ಬಗ್ಗೆ. ಮೇಲೆ ಬರ್ನರ್, ಕೆಳಗೆ ಓವನ್, ಮೈತುಂಬ ಬಿಳಿ ಎನಾಮೆಲ್, ಅಲ್ಲಲ್ಲಿ ಕ್ರೋಮ್ ಪಟ್ಟಿ. 1930ರಿಂದ 1960ರ ದಶಕದವರೆಗಿನ ಈ ಒಲೆಗಳನ್ನು ಸುಮ್ನೆ ಚೆಂದಕ್ಕೆ ಅಂತ ತಂದಿಡುವವರೂ ಇದ್ದಾರೆ. ನನ್ನ ಪ್ರಕಾರ ಉರಿಯದ ಒಲೆ ಅಂದರೆ ಬರೀ ಭಾರದ ಬೀರು.

ಒಲೆ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು, "ಬರ್ನರ್ ಕೆಲಸ ಮಾಡುತ್ತಾ?" ಅದನ್ನು ಆಮೇಲೆ ಕೇಳಿ. ಮೊದಲು ಎನಾಮೆಲ್ ನೋಡಿ. ಅದು ಬಣ್ಣ ಅಲ್ಲ, ಗಾಜು. ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿನ ಮೇಲೆ ಕರಗಿಸಿ ಅಂಟಿಸಿದ್ದು. ಚಕ್ಕೆ ಎದ್ದರೆ ಮನೆಯಲ್ಲಿ ಅದನ್ನು ಮೊದಲಿನ ಹಾಗೆ ಮಾಡಲು ಆಗುವುದಿಲ್ಲ. ವೈರಿಂಗ್ ಕೆಟ್ಟಿದ್ದರೆ ಸರಿ ಮಾಡಬಹುದು.

ಈ ಒಲೆಗಳ ಜೀವಾಳ ನೈಕ್ರೋಮ್ ತಂತಿ. 1893ರ ಶಿಕಾಗೋ ಪ್ರದರ್ಶನದಲ್ಲೇ ವಿದ್ಯುತ್ ಅಡುಗೆಮನೆ ತೋರಿಸಿದ್ದರು. ಆದರೆ ಕೆಂಪಗೆ ಕಾದರೂ ಬಾಳಿಕೆ ಬರುವ ತಂತಿ ಆಗ ಇರಲಿಲ್ಲ. ನಿಕಲ್, ಕ್ರೋಮಿಯಂ ಬೆರೆಸಿದ ತಂತಿಗೆ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದದ್ದು 1906ರಲ್ಲಿ. ಮುಂದೆ ಆ ತಂತಿಯನ್ನು ಲೋಹದ ಕೊಳವೆಯೊಳಗಿಟ್ಟು, ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಟ್ಟಿಯಾಗಿ ತುಂಬಿದರು. ಜನರಲ್ ಎಲೆಕ್ಟ್ರಿಕ್ ಕಂಪನಿ ಅದನ್ನು ಕ್ಯಾಲ್‌ರಾಡ್ ಹೆಸರಲ್ಲಿ ಮಾರಿತು.

ನನಗೆ ತುಂಬಾ ಇಷ್ಟ ಇದರ ಸ್ವಿಚ್. ಅಲ್ಲಿನ ಮನೆಗಳಿಗೆ 120 ವೋಲ್ಟ್, 240 ವೋಲ್ಟ್ ಎರಡೂ ಬರುತ್ತವೆ. ಒಂದು ಬರ್ನರ್‌ನಲ್ಲಿ ಒಂದೇ ಅಳತೆಯ ಎರಡು ಕಾಯಿಲ್ ಇವೆ ಅಂದುಕೊಳ್ಳಿ. ಎರಡನ್ನೂ ಪ್ಯಾರಲಲ್ ಆಗಿ, ಅಂದರೆ ಪ್ರತಿಯೊಂದಕ್ಕೂ ಪೂರ್ತಿ ವೋಲ್ಟೇಜ್ ಸಿಗುವ ಹಾಗೆ, 240ಕ್ಕೆ ಕೊಟ್ಟರೆ 2000 ವ್ಯಾಟ್. ಒಂದನ್ನೇ ಕೊಟ್ಟರೆ 1000. ಎರಡನ್ನೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು, ಕೊಟ್ಟರೆ 500. 120ಕ್ಕೆ ಒಂದೇ ಕಾಯಿಲ್ ಕೊಟ್ಟರೆ 250, ಸೀರೀಸ್‌ನಲ್ಲಿ 125. ಪ್ರತಿ ಮೆಟ್ಟಿಲಿಗೂ ಉರಿ ಸರಿಯಾಗಿ ಅರ್ಧ! ಚಿಪ್ ಇಲ್ಲ, ಟೈಮರ್ ಇಲ್ಲ, ಬರೀ ತಾಮ್ರದ ತುಂಡುಗಳು ಜಾಗ ಬದಲಿಸುತ್ತವೆ.

ಇದು ಗೊತ್ತಿದ್ದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ರೋಗ ಯಾವುದೆಂದು ಅಂದಾಜು ಸಿಗುತ್ತದೆ. 500 ಮತ್ತು 125ರ ಮೆಟ್ಟಿಲಲ್ಲಿ ಒಲೆ ತಣ್ಣಗಿದ್ದು, ಹೈ ಇಟ್ಟಾಗ ಅರ್ಧಂಬರ್ಧ ಕಾದರೆ ಒಂದು ಕಾಯಿಲ್ ತುಂಡಾಗಿರಬೇಕು. ಕೆಳಗಿನ ಎರಡು ಮೆಟ್ಟಿಲು (250, 125) ಮಾತ್ರ ಸತ್ತಿದ್ದರೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿಯ ಕಡೆ ನೋಡಿ. 120 ವೋಲ್ಟ್ ಸಿಗುವುದು ಅದರಿಂದಲೇ.

ಆದರೆ ಕಾಯಿಲ್‌ಗಿಂತ ಜಾಸ್ತಿ ಕಾಟ ಕೊಡುವುದು ಜಾಯಿಂಟ್‌ಗಳು. 2000 ವ್ಯಾಟ್‌ನ ಬರ್ನರ್ ಎಂಟು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ತುಕ್ಕು ಹಿಡಿದ ಟರ್ಮಿನಲ್‌ನಲ್ಲಿ ಅರ್ಧ ಓಮ್ ತಡೆ ಇದ್ದರೂ ಅಲ್ಲೇ ಸುಮಾರು 35 ವ್ಯಾಟ್ ಬಿಸಿ. ಬಟಾಣಿಯಷ್ಟು ಜಾಗದಲ್ಲಿ ಒಂದು ಸೋಲ್ಡರಿಂಗ್ ಐರನ್ ಉರಿಯುತ್ತಿದೆ ಅಂದುಕೊಳ್ಳಿ. ಸ್ಕ್ರೂ ನೀಲಿಗಟ್ಟುತ್ತದೆ, ತಂತಿಯ ತುದಿ ಕಪ್ಪಾಗಿ ಪುಡಿಯಾಗುತ್ತದೆ. ಸುಮ್ನೆ ಬಿಗಿ ಮಾಡಿದರೆ ಸಾಲದು. ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ, ನಿಕಲ್ ಲೇಪದ ಹೊಸ ಟರ್ಮಿನಲ್ ಒತ್ತಿ ಕೂರಿಸಿ. ವೈರ್ ಕೂಡ ಹೆಚ್ಚು ಬಿಸಿ ತಾಳುವಂಥದ್ದೇ ಇರಬೇಕು. ಬೆಸುಗೆ ಮಾತ್ರ ಬೇಡ. ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ.

ಹಳೆಯ ವೈರ್‌ನ ಮೇಲೆ ಬೂದು ಬಣ್ಣದ ನೇಯ್ಗೆ ಇದ್ದರೆ ಅದು ಆಸ್ಬೆಸ್ಟಾಸ್ (ಉಸಿರಲ್ಲಿ ಹೋದರೆ ಅಪಾಯವಾದ ಖನಿಜದ ನಾರು) ಇರಬಹುದು. ಅದನ್ನು ಕೆರೆಯಬೇಡಿ, ಗಾಳಿ ಊದಿ ಧೂಳು ಹಾರಿಸಬೇಡಿ. ತೆಗೆಸುವುದಿದ್ದರೆ ಆ ಕೆಲಸ ಬಲ್ಲವರನ್ನು ಕರೆಯಿರಿ.

ಮೂರು ತಂತಿಯ ಪವರ್ ಕಾರ್ಡ್ ಇದ್ದರೆ ಇನ್ನೊಂದು ಎಚ್ಚರ. ಆ ಕಾಲದಲ್ಲಿ ಒಲೆಯ ಮೈಯನ್ನು ನ್ಯೂಟ್ರಲ್‌ಗೇ ಜೋಡಿಸುತ್ತಿದ್ದರು. ನ್ಯೂಟ್ರಲ್ ಎಲ್ಲೋ ಕಳಚಿದರೆ ಇಡೀ ಒಲೆಯ ಮೈಗೆ ಕರೆಂಟ್ ಬರುತ್ತದೆ. 1996ರ ಅಮೆರಿಕದ ವಿದ್ಯುತ್ ನಿಯಮಾವಳಿ ಹೊಸ ವೈರಿಂಗ್‌ಗೆ ನಾಲ್ಕು ತಂತಿ (ನಾಲ್ಕನೆಯದು ಒಲೆಯ ಮೈಗೆ ಬೇರೆ ಅರ್ಥ್) ಕಡ್ಡಾಯ ಮಾಡಿತು. ನಾಲ್ಕು ತಂತಿಗೆ ಬದಲಿಸುವಾಗ ಮೈಯನ್ನು ನ್ಯೂಟ್ರಲ್‌ಗೆ ಸೇರಿಸುವ ಒಳಗಿನ ಲೋಹದ ಪಟ್ಟಿಯನ್ನು ತೆಗೆಯಲೇಬೇಕು. ಕಾರ್ಡ್ ಬದಲಿಸಿ ಪಟ್ಟಿ ಮರೆಯುವವರೇ ಜಾಸ್ತಿ.

ಇಷ್ಟಾದರೂ ಕೂಡಲೇ ಹಚ್ಚಬೇಡಿ. ವರ್ಷಗಟ್ಟಲೆ ಶೆಡ್ಡಿನಲ್ಲಿದ್ದ ಎಲಿಮೆಂಟ್‌ನ (ಬಿಸಿಯಾಗುವ ಆ ಕೊಳವೆಯ) ಒಳಗಿನ ಪುಡಿ ತೇವ ಎಳೆದುಕೊಂಡಿರುತ್ತದೆ, ಆಗ ಕರೆಂಟ್ ಮೈಗೆ ಸೋರುತ್ತದೆ. ಮೆಗ್ಗರ್ (ಕರೆಂಟ್ ಸೋರದಂತೆ ಇರುವ ತಡೆ ಅಳೆಯುವ ಉಪಕರಣ) ಹಿಡಿದು ಅಳೆಯಿರಿ. ರೀಡಿಂಗ್ ಕಡಿಮೆ ಬಂದರೆ ಎಲಿಮೆಂಟ್ ಕಳಚಿ, ಬೇರೆ ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಒಣಗಿಸಿ, ಮತ್ತೆ ಅಳೆಯಿರಿ. ರೀಡಿಂಗ್ ಏರದಿದ್ದರೆ ಆ ಎಲಿಮೆಂಟನ್ನು ಬದಲಿಸಿ. ಏರಿದರೆ ಕೂರಿಸಿ, ಕೆಳಗಿನ ಮೆಟ್ಟಿಲಿಂದಲೇ ಶುರುಮಾಡಿ.