ಬೊಂಬೆಯ ಮುಂದೆ ನಡುಗುವ ಕೈ

ಕೇಳುಗರಿಗೆ ನಮಸ್ಕಾರ.

ವಿಜಯಪುರದ ನರ್ಸಿಂಗ್ ಕಾಲೇಜೊಂದರ ಸ್ಕಿಲ್ ಲ್ಯಾಬಿನಲ್ಲಿ, ಅಂದರೆ ಬೊಂಬೆಗಳ ಮೇಲೆ ಚಿಕಿತ್ಸೆಯ ಅಭ್ಯಾಸ ಮಾಡಿಸುವ ಕೋಣೆಯಲ್ಲಿ, ಪಾಠ ಮಾಡುವ ನನ್ನನ್ನು ಬಹಳ ಕಾಲ ಕಾಡಿದ ಸಂಗತಿಯೆಂದರೆ, ವಾರ್ಡಿನಲ್ಲಿ ರೋಗಿಯ ತೋಳು ಹಿಡಿದು ಅಳುಕದೆ ಸೂಜಿ ಚುಚ್ಚುವ ಹುಡುಗಿಯ ಕೈ, ನೋವೇ ತಿಳಿಯದ ಮ್ಯಾನಿಕಿನ್ ಬೊಂಬೆಯ ಮುಂದೆ ನಡುಗುವುದು. ಎದೆಬಡಿತ ನಿಂತ ರೋಗಿಯ ಸನ್ನಿವೇಶವನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆಯನ್ನು ಒತ್ತಬೇಕು, 30 ಸಲ ಒತ್ತಿದ ಮೇಲೆ 2 ಸಲ ಉಸಿರು ಕೊಡಬೇಕು ಎಂದು ಹಿಂದಿನ ದಿನ ತಪ್ಪಿಲ್ಲದೆ ಬರೆದವಳು, ಮಾನಿಟರ್ ಕೂಗತೊಡಗಿದೊಡನೆ ಎಣಿಕೆ ಮರೆತು, ಸಹಾಯಕ್ಕೆ ಯಾರನ್ನೂ ಕರೆಯದೆ ನಿಂತುಬಿಡುತ್ತಾಳೆ.

1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಇಂಥ ಬೊಂಬೆಯನ್ನು ತಯಾರಿಸಿದಾಗ ಅದಕ್ಕೆ ಶಾಂತವಾಗಿ ಕಣ್ಣು ಮುಚ್ಚಿದ ತರುಣಿಯ ಮುಖವನ್ನು ಕೊಟ್ಟಿದ್ದರು. ಆ ಮುಖಕ್ಕೆ ಯಾರೂ ಹೆದರುವುದಿಲ್ಲ. ಹೆದರುವುದು ಗಾಜಿನಾಚೆ ಪೆನ್ನು ಹಿಡಿದು ಕೂತ ನಮಗೆ, ಕ್ಯಾಮೆರಾಕ್ಕೆ, ರಾತ್ರಿ ಹಾಸ್ಟೆಲಿನಲ್ಲಿ ನಗಬಹುದಾದ ಗೆಳತಿಯರಿಗೆ. ಒತ್ತಡವೇ ಕೂಡದೆಂದು ನಾನು ಹೇಳಲಾರೆ. ತುರ್ತು ಚಿಕಿತ್ಸಾ ಘಟಕದಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅಮೆರಿಕದ ಮನೋವಿಜ್ಞಾನಿಗಳಾದ ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗದಲ್ಲಿಯೇ, ಸುಲಭದ ಪಾಠಕ್ಕೆ ನೆರವಾದ ಜೋರಿನ ವಿದ್ಯುತ್ ಆಘಾತ ಕಠಿಣ ಪಾಠಕ್ಕೆ ಅಡ್ಡಿಯಾದದ್ದು ಕಂಡುಬಂದಿತ್ತು. ಹೊಸ ವಿದ್ಯಾರ್ಥಿಗೆ ಎಲ್ಲ ಪಾಠವೂ ಕಠಿಣವೇ.

ಆದ್ದರಿಂದ ಆಕ್ಸಿಜನ್ ಎಲ್ಲಿದೆ, ಔಷಧದ ಟ್ರೇ ಎಲ್ಲಿದೆ, ನಮ್ಮ ಬೊಂಬೆ ಯಾವುದನ್ನು ತೋರಿಸಬಲ್ಲದು, ಯಾವುದನ್ನು ತೋರಿಸಲಾರದು ಎಂಬುದನ್ನು ಈಗ ಮೊದಲೇ ಹೇಳುತ್ತೇವೆ. ಅಂಕ ಕೊಡುವ ದಿನವನ್ನು ಬೇರೆಯಾಗಿಯೇ ಇಡುತ್ತೇವೆ. ಅಭ್ಯಾಸ ಮುಗಿದ ಮೇಲೆ ಡಿಬ್ರೀಫಿಂಗಿಗೆ, ಅಂದರೆ ನಡೆದದ್ದನ್ನು ಒಟ್ಟಿಗೆ ಮೆಲುಕು ಹಾಕಲು, ಕೂತಾಗ ಮೊದಲ ಮಾತು ವಿದ್ಯಾರ್ಥಿಯದು. ಏಕೆ ಹಾಗೆ ಮಾಡಿದೆ ಎಂದು ಗದರದೆ, ಆ ಗಳಿಗೆಯಲ್ಲಿ ನಿನಗೆ ಏನು ಕಂಡಿತು ಎಂದು ಕೇಳಿದರೆ, ತಪ್ಪನ್ನು ಅವಳೇ ಹುಡುಕಿ ಹೇಳುತ್ತಾಳೆ. ಗದರುವ ಚಟ ಬಿಡಲು ನನಗೇ ವರ್ಷಗಳು ಹಿಡಿದವು.

ಇನ್ನೊಂದು ಹೊರೆಯನ್ನು ನಾವೇ ಹೊರಿಸಿದ್ದೆವು, ಅದು ಭಾಷೆಯದು. ಸಿಂದಗಿ, ಇಂಡಿ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳೆದುರು, ಪಕ್ಕದ ಕೋಣೆಯ ಮೈಕಿನಿಂದ ಬೊಂಬೆಗೆ ದನಿ ಕೊಡುವ ನಾವು ಇಂಗ್ಲಿಷಿನಲ್ಲಿ ನರಳುತ್ತಿದ್ದೆವು! ಒಂದು ದಿನ ನಾನು ಮೈಕಿನಲ್ಲಿ, "ಎದಿಯಾಗ ಕಲ್ಲ ಹೇರಿದಂಗ ಆಗ್ಲಾಕತ್ತದರಿ ಅಕ್ಕಾರ" ಎಂದೆ. ಸೆಟೆದು ನಿಂತಿದ್ದ ಹುಡುಗಿ ಬೊಂಬೆಯ ಕೈ ಹಿಡಿದು, ನಾಡಿಯ ಮೇಲೆ ಬೆರಳಿಟ್ಟು, "ಯಾವಾಗಿಂದ ಆಗ್ಲಾಕತ್ತದರಿ ಕಾಕಾ?" ಎಂದು ಕೇಳಿದಳು.