ಗ್ರೌಚೊ ಮಾರ್ಕ್ಸ್: ಹಾಸ್ಯನಟ ಕ್ವಿಜ್ ನಡೆಸಿದ ಬಗೆ

ಕೇಳುಗರಿಗೆ ನಮಸ್ಕಾರ.

ಹಾಸ್ಯನಟರು ಟೀವಿ ನಿರೂಪಕರಾದರೆ ಇವತ್ತು ಯಾರೂ ಹುಬ್ಬೇರಿಸುವುದಿಲ್ಲ. 1947ರಲ್ಲಿ ಅಮೆರಿಕದ ಹಾಸ್ಯನಟ ಗ್ರೌಚೊ ಮಾರ್ಕ್ಸ್ ಒಂದು ರೇಡಿಯೊ ಕ್ವಿಜ್ ಕಾರ್ಯಕ್ರಮಕ್ಕೆ ಒಪ್ಪಿದಾಗ ಅವರಿಗೆ 57ರ ಹತ್ತಿರದ ವಯಸ್ಸು. ಅಣ್ಣತಮ್ಮಂದಿರ ಜೊತೆ ರಂಗಭೂಮಿ, ಸಿನಿಮಾ ಎರಡರಲ್ಲೂ ಹೆಸರು ಮಾಡಿದ್ದವರು. ರೇಡಿಯೊ ಮಾತ್ರ ಅವರ ಕೈ ಹಿಡಿದಿರಲಿಲ್ಲ. ಹಿಂದಿನ ಪ್ರಯತ್ನಗಳಲ್ಲಿ ಬರೆದುಕೊಟ್ಟದ್ದನ್ನು ಓದಬೇಕಿತ್ತು. ಅವರ ಬಲ ಇದ್ದದ್ದು ಎದುರಿನವರ ಮಾತು ಹಿಡಿದು ಎಳೆಯುವುದರಲ್ಲಿ.

ಇನ್ನೊಬ್ಬ ಹಾಸ್ಯನಟ ಬಾಬ್ ಹೋಪ್ ಜೊತೆಗಿನ ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಇಬ್ಬರೂ ಸ್ಕ್ರಿಪ್ಟ್ ಬಿಟ್ಟು ಬಾಯಿಗೆ ಬಂದದ್ದನ್ನು ಆಡತೊಡಗಿದರು. ಅದನ್ನು ಕಂಡ ನಿರ್ಮಾಪಕ ಜಾನ್ ಗಿಡೆಲ್ ಅವರಿಗೆ ಈ ಬಲ ಹೊಳೆಯಿತು. ಹಾಗೆ ಹುಟ್ಟಿದ್ದು 'ಯು ಬೆಟ್ ಯುವರ್ ಲೈಫ್'.

ಆಟ ಸರಳ. ಪರಿಚಯವಿಲ್ಲದ ಇಬ್ಬರ ಜೋಡಿ. ಆರಂಭದ ವರ್ಷಗಳಲ್ಲಿ ಕೈಗೆ 20 ಡಾಲರ್, ನಾಲ್ಕು ಪ್ರಶ್ನೆ. ಪ್ರತಿ ಸಲವೂ ಇದ್ದದ್ದನ್ನೆಲ್ಲ ಪಣಕ್ಕಿಟ್ಟು ಗೆದ್ದರೆ 320. ಮಾತಿನ ನಡುವೆ ಗುಟ್ಟಿನ ಪದವೊಂದು ಬಾಯಿಂದ ಬಿದ್ದರೆ, ಗ್ರೌಚೊ ಅವರದೇ ಮೀಸೆ, ಕನ್ನಡಕ ತೊಟ್ಟ ಬಾತುಕೋಳಿಯ ಬೊಂಬೆ ಮೇಲಿಂದ ಇಳಿದು 100 ಡಾಲರ್ ಕೊಡುತ್ತಿತ್ತು. ನಿಜ ಹೇಳಬೇಕೆಂದರೆ ಪ್ರಶ್ನೆಗಳು ಒಂದು ನೆಪ. ಜನ ಕಾಯುತ್ತಿದ್ದದ್ದು ಅದಕ್ಕೆ ಮುಂಚಿನ ಹರಟೆಗೆ.

ಆ ಹರಟೆ ಪೂರ್ತಿ ತಕ್ಷಣದ್ದೇನಲ್ಲ. ಸಿಬ್ಬಂದಿ ಸ್ಪರ್ಧಿಗಳನ್ನು ಮೊದಲೇ ಮಾತನಾಡಿಸಿ, ಊರು, ಕಸುಬು, ವಿಚಿತ್ರ ಹವ್ಯಾಸಗಳನ್ನು ಕೆದಕಿ, ಅದಕ್ಕೆ ಹೊಂದುವ ನಗೆಮಾತುಗಳನ್ನು ಬರೆದಿಡುತ್ತಿದ್ದರು. ರೆಕಾರ್ಡಿಂಗ್ ಹೊತ್ತಿಗೆ ಅವು ಸ್ಪರ್ಧಿಗಳ ತಲೆಯ ಮೇಲಿನ ಪರದೆಯಲ್ಲಿ, ಗ್ರೌಚೊಗೆ ಮಾತ್ರ ಕಾಣುವಂತೆ ಮೂಡುತ್ತಿದ್ದವು. ಬೇಕಾದರೆ ಓದುವುದು, ಅದಕ್ಕಿಂತ ಒಳ್ಳೆಯದು ಹೊಳೆದರೆ ಬಿಡುವುದು. ಬರಹಗಾರರಿದ್ದಾರೆ ಎಂಬುದು ಹೊರಗೆ ಗೊತ್ತಾಗದಂತೆ ಅವರಿಗೆ ಬೇರೆ ಹುದ್ದೆಯ ಹೆಸರು!

ದೊಡ್ಡ ತೊಡಕು ನೇರ ಪ್ರಸಾರದ್ದು. ಸ್ಪರ್ಧಿ ಮುದುರಿಕೊಂಡರೆ ಮೌನ, ಗ್ರೌಚೊ ನಾಲಿಗೆ ಹರಿಬಿಟ್ಟರೆ ಪ್ರಾಯೋಜಕರಿಗೆ ಸಂಕಟ. ಅದಕ್ಕೇ ಸುಮಾರು ಒಂದು ಗಂಟೆ ರೆಕಾರ್ಡ್ ಮಾಡಿ ಅರ್ಧ ಗಂಟೆಗೆ ಕತ್ತರಿಸುತ್ತಿದ್ದರು. 1950ರಲ್ಲಿ ಎನ್‌ಬಿಸಿ ಟೀವಿಗೆ ಬಂದಾಗಲೂ ಇದೇ ಪದ್ಧತಿ, ಆದರೆ ಫಿಲ್ಮ್‌ನಲ್ಲಿ. 35 ಎಂಎಂ ಕ್ಯಾಮೆರಾದ ಸಾವಿರ ಅಡಿ ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಮಾತು ಕಾವೇರಿದಾಗ ರೀಲು ಬದಲಿಸಲು 'ಸ್ವಲ್ಪ ನಿಲ್ಲಿ' ಎಂದರೆ ಹಾಸ್ಯ ಅಲ್ಲಿಗೇ ಆರಿಹೋಯಿತು. ಆದ್ದರಿಂದ ಎಂಟು ಕ್ಯಾಮೆರಾಗಳನ್ನು ಜೋಡಿ ಜೋಡಿಯಾಗಿ ಇಟ್ಟಿದ್ದರು. ಒಂದು ಓಡುತ್ತಿರುವಾಗ ಅದರ ಜೊತೆಗಾರನಿಗೆ ಹೊಸ ರೀಲು ತುಂಬುವುದು.

ಗ್ರೌಚೊ ಸಿನಿಮಾ ಕಾಲದ ಹಳೆಯ ವೇಷ ಹಾಕಲು ಒಪ್ಪಲಿಲ್ಲ. ಬಣ್ಣ ಬಳಿದ ಮೀಸೆ ಹೋಗಿ ನಿಜವಾದ ಮೀಸೆ ಬಂತು, ಸಾಮಾನ್ಯ ಸೂಟು, ಕೈಯಲ್ಲಿ ಸಿಗಾರ್. ಕುಣಿತ, ಓಡಾಟ ಏನೂ ಇಲ್ಲ, ಸ್ಟೂಲಿನ ಮೇಲೆ ಕೂತು ಕೇಳಿಸಿಕೊಳ್ಳುವುದಷ್ಟೆ. ನನ್ನ ಮಟ್ಟಿಗೆ ಅವರ ಅತ್ಯಂತ ಜಾಣ ನಿರ್ಧಾರ ಇದು. ಪಕ್ಕದಲ್ಲಿ ಉದ್ಘೋಷಕ ಜಾರ್ಜ್ ಫೆನ್ನಿಮನ್, ನಗದೆ, ಮುನಿಯದೆ, ಎಲ್ಲ ಲೇವಡಿಯನ್ನೂ ಮರ್ಯಾದೆಯಿಂದ ನುಂಗಿಕೊಳ್ಳುವ ಆಸಾಮಿ.

1961ರಲ್ಲಿ ಕಾರ್ಯಕ್ರಮ ಮುಗಿಯಿತು. ಮರುವರ್ಷವೇ ಸಿಬಿಎಸ್ ಟೀವಿಯಲ್ಲಿ ಗ್ರೌಚೊ ಅಂಥದ್ದೇ ಇನ್ನೊಂದನ್ನು ತಂದರು, ಫೆನ್ನಿಮನ್ ಜೊತೆಗಿರಲಿಲ್ಲ. ಕೆಲವೇ ತಿಂಗಳಲ್ಲಿ ಅದು ನಿಂತುಹೋಯಿತು.

ನಮಸ್ಕಾರ.