ಏಪ್ರಿಲ್ ಸೆಕೆಯಲ್ಲೂ ನಿಲ್ಲುವ ಓವರ್‌ಕ್ಲಾಕ್

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನ ಮೆದುಳಾದ ಪ್ರೊಸೆಸರ್ ಚಿಪ್ಪನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೇಗೆ ಮಾಡುವುದೆಂದು ತೋರಿಸುವ ವಿಡಿಯೊಗಳಿಗೆ ಬರವಿಲ್ಲ. ಆದರೆ ಎಸಿ ಹಾಕಿಕೊಂಡು 22 ಡಿಗ್ರಿಯಲ್ಲಿ ಕೂತು ಹೇಳಿದ ಅಂಕಿ ಕುಂಬಳೆಯ ಏಪ್ರಿಲ್ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಕೋಣೆ 12 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. ಆ ಗಾಳಿಗಿಂತ ತಣ್ಣಗೆ ಮಾಡಲು ಆಗದು. ನೀರಿನ ಕೂಲರಿಗೂ ಇದೇ ಮಾತು.

ಮೊದಲು ಲಾಭನಷ್ಟ ನೋಡಿಬಿಡೋಣ. ಬೇಸ್ ಕ್ಲಾಕ್ ಎಂಬ 100 ಮೆಗಾಹರ್ಟ್ಸಿನ ಮೂಲ ವೇಗವನ್ನು ಮಲ್ಟಿಪ್ಲೈಯರ್ ಎಂಬ ಸಂಖ್ಯೆಯಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಸಿಗುತ್ತದೆ. ಮಲ್ಟಿಪ್ಲೈಯರ್ 45 ಇದ್ದರೆ 4.5 ಗಿಗಾಹರ್ಟ್ಸ್. ಅದನ್ನು 49ಕ್ಕೆ ಏರಿಸಿದಿರಿ ಎನ್ನಿ. ಯಕ್ಷಗಾನದ ವಿಡಿಯೊ ಒಂದನ್ನು ರೆಂಡರ್ ಮಾಡಲು 60 ನಿಮಿಷ ಹಿಡಿಯುತ್ತಿದ್ದರೆ ಇನ್ನು ಹಿಡಿಯುವುದು 55 ನಿಮಿಷ. ಆ ಐದು ನಿಮಿಷಕ್ಕೆ ವೋಲ್ಟೇಜು 1.20ರಿಂದ 1.35ಕ್ಕೆ ಏರಬೇಕಾಯಿತು ಎಂದಿಟ್ಟುಕೊಳ್ಳಿ. ಪ್ರೊಸೆಸರ್ ಕೆಲಸಕ್ಕೆ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರುತ್ತದೆ. ಗುಣಿಸಿ ನೋಡಿದರೆ ಒಂಬತ್ತು ಶೇಕಡ ವೇಗಕ್ಕೆ ಸುಮಾರು 38 ಶೇಕಡ ಹೆಚ್ಚು ವಿದ್ಯುತ್ತು, ಅಷ್ಟೂ ಬಿಸಿ. ಸೆಕೆಯ ನಾಡಿನಲ್ಲಿ ಓವರ್‌ಕ್ಲಾಕ್ ಮಾಡುವವರು ಕಣ್ಣಿಡಬೇಕಾದ್ದು ಗಿಗಾಹರ್ಟ್ಸಿನ ಮೇಲಲ್ಲ, ವೋಲ್ಟೇಜಿನ ಮೇಲೆ.

ಎಲ್ಲ ಪ್ರೊಸೆಸರಿಗೂ ಇದು ಸಾಧ್ಯವಿಲ್ಲ. ಇಂಟೆಲ್‌ನದಾದರೆ ಹೆಸರಿನ ಅಂಕಿಯ ನಂತರ ಕೆ ಅಕ್ಷರ ಬೇಕು, ಐ5-12600ಕೆ ಎಂಬಂತೆ. ಪ್ರೊಸೆಸರ್ ಕೂರುವ ಮದರ್‌ಬೋರ್ಡು ಝೆಡ್ ಸರಣಿಯದಾಗಿರಬೇಕು, ಝೆಡ್690, ಝೆಡ್790 ಇತ್ಯಾದಿ. ಬಿ660 ಬೋರ್ಡಿನಲ್ಲಿ ರ‍್ಯಾಮಿನ ವೇಗ ಏರಿಸಬಹುದು, ಪ್ರೊಸೆಸರಿನದಲ್ಲ. ಎಎಂಡಿ ರೈಜನ್‌ನಲ್ಲಿ ಬಿ450, ಬಿ550, ಬಿ650 ಬೋರ್ಡುಗಳು ಸಾಕು, ಎ320ರಲ್ಲಿ ಆಗುವುದಿಲ್ಲ. ಲ್ಯಾಪ್‌ಟಾಪಿನವರು ಈ ಮಾತನ್ನು ಕೇಳಿ ಬಿಟ್ಟುಬಿಡಿ. ಇನ್ನು ವಾರಂಟಿ: ಓವರ್‌ಕ್ಲಾಕಿನಿಂದ ಆದ ಹಾನಿ ಎರಡೂ ಕಂಪನಿಗಳ ವಾರಂಟಿಗೆ ಸೇರುವುದಿಲ್ಲ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆ ಚಿಪ್ಪು ಇರುವವರಿಗೆ ಒಂದು ಮಾತು. ಅವುಗಳಲ್ಲಿ ಕೆಲವು ಅತಿ ವೋಲ್ಟೇಜಿನಿಂದ ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಇದಕ್ಕೆ ಮೈಕ್ರೊಕೋಡ್ ಎಂಬ ಚಿಪ್ಪಿನೊಳಗಿನ ಸೂಚನೆಗಳ ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಮುಂದಕ್ಕೆ ಹಾಕಿತು. ಆ ತಿದ್ದುಪಡಿ ಬರುವುದು ಬೋರ್ಡಿನ ಆರಂಭಿಕ ತಂತ್ರಾಂಶವಾದ ಬಯೋಸ್ ಮೂಲಕ; ಹೊಸ ಬಯೋಸ್ ಹಾಕದೆ ಆ ಚಿಪ್ಪುಗಳನ್ನು ಮುಟ್ಟಬೇಡಿ. ಬಯೋಸ್ ಹಾಕುವಾಗ ಕಂಪ್ಯೂಟರು ಯುಪಿಎಸ್ ಮೇಲೆಯೇ ಇರಲಿ. ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡು ಮತ್ತೆ ಏಳದಿರಬಹುದು. ಗುಡುಗಿನ ಸಂಜೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ.

ಈಗ ಕೂಲರ್. ಪ್ರೊಸೆಸರಿನ ಜೊತೆ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಕೂಲರ್ ಓವರ್‌ಕ್ಲಾಕಿಗೆ ಸಾಲದು. ನಾಲ್ಕು ತಾಮ್ರದ ಕೊಳವೆ, 120 ಮಿಲಿಮೀಟರ್ ಫ್ಯಾನು ಇರುವ ಟವರ್ ಕೂಲರ್ ಕನಿಷ್ಠ. ಹಳೆಯ ಕೂಲರನ್ನು ತೆಗೆಯುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬಿಸಿಮಾಡಿ, ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ರೈಜನ್ 5000ದವರೆಗಿನ ಎಎಂ4 ಎಂಬ ಸಾಕೆಟ್ಟು, ಅಂದರೆ ಪ್ರೊಸೆಸರ್ ಕೂರುವ ಜಾಗ, ಇರುವವರಿಗಂತೂ ಇದು ಬಿಡಲಾಗದ ಹೆಜ್ಜೆ. ಅಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಅಡಿಯಲ್ಲಿ. ಕೂಲರಿಗೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸಲು ಹಚ್ಚಿದ ಪೇಸ್ಟು ಒಣಗಿ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನು ಬಾಗುತ್ತದೆ. ಸ್ಕ್ರೂ ಅಥವಾ ಕ್ಲಿಪ್ಪು ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಅಂಟು ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಎತ್ತಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸತನ್ನು ಒಂದು ಬಟಾಣಿಯಷ್ಟು ನಡುವಿನಲ್ಲಿ ಇಟ್ಟರೆ ಸಾಕು. ಕೂಲರ್ ಕೂರಿಸುವಾಗ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಬನ್ನಿ.

ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಪಕ್ಕದಲ್ಲಿ ಟೇಬಲ್ ಫ್ಯಾನು ಇಡುವವರು ಇದ್ದಾರೆ. ತಣ್ಣಗಾಗುವುದು ನಿಜವೇ. ಆದರೆ ಅಡಿಕೆ ಸುಲಿಯುವ ಮನೆಯ ದೂಳು, ಇರುವೆ, ಹಲ್ಲಿ ಎಲ್ಲಕ್ಕೂ ಅದು ತೆರೆದ ಬಾಗಿಲು. ಪವರ್ ಸಪ್ಲೈಯೊಳಗೆ ಒಂದು ಹಲ್ಲಿ ಹೊಕ್ಕರೆ ಶಾರ್ಟ್ ಆಗಲು ಮತ್ತೇನೂ ಬೇಡ. ಬಾಗಿಲು ಮುಚ್ಚಿ, ಎದುರಿನಿಂದ ಗಾಳಿ ಒಳಗೆ, ಹಿಂದಿನಿಂದ ಹೊರಗೆ ಹೋಗುವಂತೆ ಎರಡು ಫ್ಯಾನು ಹಾಕಿ.

ಏನನ್ನೂ ಏರಿಸುವ ಮೊದಲು ಈಗಿರುವ ಸ್ಥಿತಿಯನ್ನು ಬರೆದಿಡಿ. ಉಷ್ಣತೆ ತೋರಿಸುವ ಎಚ್‌ಡಬ್ಲ್ಯು ಇನ್ಫೊ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಭಾರ ಕೊಟ್ಟು ಅಂಕ ಹೇಳುವ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿ. ಅಂಕ, ಗರಿಷ್ಠ ಉಷ್ಣತೆ, ಕೋಣೆಯ ಉಷ್ಣತೆ, ಮೂರೂ ಕಾಗದದ ಮೇಲೆ ಬರಲಿ. ಏನೂ ಏರಿಸದೆಯೇ 90 ಡಿಗ್ರಿ ತೋರಿಸಿದರೆ ಅಲ್ಲಿಗೆ ನಿಲ್ಲಿಸಿ. ಓವರ್‌ಕ್ಲಾಕಿಗಿಂತ ಮುಂಚೆ ಬಿಸಿಯ ಕೆಲಸ ಮುಗಿಯಬೇಕು. ನನ್ನ ಮಿತಿ ಹೀಗಿದೆ: ಕೋಣೆ 34 ಡಿಗ್ರಿ ಇರುವಾಗ ಚಿಪ್ಪು 85 ದಾಟಬಾರದು. ಪರೀಕ್ಷೆ ಮಾಡುವುದು ಆಟಿ ತಿಂಗಳ ಮಳೆಯಲ್ಲಿ, ಕೋಣೆ 26 ಇರುವಾಗ ಎಂದಾದರೆ ಚಿಪ್ಪಿಗೆ 77ರಲ್ಲೇ ಗೆರೆ ಎಳೆಯಿರಿ. ಜುಲೈಯಲ್ಲಿ ಚೆನ್ನಾಗಿ ಓಡಿದ್ದು ಏಪ್ರಿಲಿನಲ್ಲಿ ಯಾಕೆ ಸೋತಿತು ಎಂಬುದಕ್ಕೆ ಉತ್ತರ ಸಾಮಾನ್ಯವಾಗಿ ಈ ಎಂಟು ಡಿಗ್ರಿ.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತುತ್ತಿದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಬಯೋಸ್ ತೆರೆಯುತ್ತದೆ. ರ‍್ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಸದ್ಯಕ್ಕೆ ಆಫ್ ಮಾಡಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲ. 12600ಕೆಯನ್ನೇ ಹಿಡಿಯೋಣ. ಕೆಲಸ ಹಂಚಿಕೊಂಡು ಮಾಡುವ ಕೋರುಗಳಲ್ಲಿ ದೊಡ್ಡವೆಲ್ಲ ಒಟ್ಟಿಗೆ ದುಡಿಯುವಾಗ ಅದರ ವೇಗ 4.5 ಗಿಗಾಹರ್ಟ್ಸ್. ವೋಲ್ಟೇಜನ್ನು ಆಟೊದಲ್ಲಿ ಬಿಡಬೇಡಿ, ಮಲ್ಟಿಪ್ಲೈಯರ್ ಏರಿದ ಹಾಗೆ ಬೋರ್ಡು ತಾನೇ ಕೈಬಿಚ್ಚಿ ಸುರಿಯುತ್ತದೆ. 1.22 ವೋಲ್ಟ್ ಎಂದು ನಿಗದಿ ಮಾಡಿ, ಮಲ್ಟಿಪ್ಲೈಯರ್ 46 ಕೊಡಿ. ಸೇವ್ ಮಾಡಿ, ವಿಂಡೋಸಿಗೆ ಬಂದು ಹತ್ತು ನಿಮಿಷ ಸಿನೆಬೆಂಚ್. ದಾಟಿದರೆ 47. ಬಿದ್ದರೆ 0.02 ವೋಲ್ಟ್ ಸೇರಿಸಿ ಮತ್ತೆ ನೋಡಿ. 1.30 ವೋಲ್ಟ್ ಮುಟ್ಟಿದಲ್ಲಿಗೆ ಅಥವಾ ಉಷ್ಣತೆಯ ಗೆರೆ ಮುಟ್ಟಿದಲ್ಲಿಗೆ, ಯಾವುದು ಮೊದಲೋ ಅಲ್ಲಿಗೆ ನಿಲ್ಲಿಸಿ. 1.35ರವರೆಗೆ ಹೋಗುವವರಿದ್ದಾರೆ; ಗಾಳಿ ಕೂಲರಿನಲ್ಲಿ, ಈ ಹವೆಯಲ್ಲಿ ನಾನು ಹೇಳಲಾರೆ.

ಅದೇ ಪುಟದಲ್ಲಿ ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂದೊಂದು ಇರುತ್ತದೆ. 1.30 ಕೊಟ್ಟರೂ ಭಾರ ಬಿದ್ದಾಗ ವೋಲ್ಟೇಜು ಜಗ್ಗುತ್ತದೆ, ಆ ಜಗ್ಗನ್ನು ತುಂಬುವುದು ಇದರ ಕೆಲಸ. ಪೂರ್ತಿ ತುಂಬಿಸಿದರೆ ಭಾರ ಇಳಿದ ಕ್ಷಣದಲ್ಲಿ ವೋಲ್ಟೇಜು ಕೊಟ್ಟದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ, ಸಾಫ್ಟ್‌ವೇರಿಗೆ ಅದು ಕಾಣುವುದೂ ಇಲ್ಲ. ನಡುವಿನ ಹಂತ ಇಡಿ. ಎಚ್ಚರ: ಕೆಲವು ಬೋರ್ಡುಗಳಲ್ಲಿ 1 ಎಂದರೆ ಅತಿ ಬಿಗಿ, ಇನ್ನು ಕೆಲವಲ್ಲಿ 8 ಎಂದರೆ ಅತಿ ಬಿಗಿ. ಕೈಪಿಡಿ ನೋಡದೆ ಸಂಖ್ಯೆ ಹಾಕಬೇಡಿ.

ರೈಜನಿನವರಿಗೆ ಈ ದಾರಿ ಬೇಡ. ಅಲ್ಲಿ ವೇಗವನ್ನು ಒಂದೇ ಅಂಕಿಗೆ ಕಟ್ಟಿದರೆ ಒಂದೆರಡು ಕೋರುಗಳು ತಾವಾಗಿ ಮೇಲೇರುವ ಬೂಸ್ಟ್ ಸತ್ತುಹೋಗುತ್ತದೆ. ರೈಜನ್ 5000 ಮತ್ತು ಆಮೇಲಿನವುಗಳಾದರೆ ಬಯೋಸಿನಲ್ಲಿ ಪಿಬಿಓ ಎಂಬ ಬೂಸ್ಟ್ ಹೊಂದಿಕೆಯೊಳಗೆ, ವೋಲ್ಟೇಜು ಇಳಿಸುವ ಕರ್ವ್ ಆಪ್ಟಿಮೈಸರ್ ಇದೆ. ಎಲ್ಲ ಕೋರುಗಳಿಗೆ ಮೈನಸ್ 10 ಕೊಟ್ಟು ಆರಂಭಿಸಿ. ಒಂದು ಹಂತಕ್ಕೆ ಮೂರರಿಂದ ಐದು ಮಿಲಿವೋಲ್ಟ್ ಇಳಿಯುತ್ತದೆ, ಉಳಿದ ಬಿಸಿಯ ಜಾಗದಲ್ಲಿ ಚಿಪ್ಪೇ ವೇಗ ಏರಿಸಿಕೊಳ್ಳುತ್ತದೆ. ನಮ್ಮ ಊರಿಗೆ ಹೇಳಿ ಮಾಡಿಸಿದ ಉಪಾಯ. ಒಂದೇ ತಂಟೆ, ಅತಿಯಾದರೆ ಭಾರದಲ್ಲಿ ಅಲ್ಲ, ಸುಮ್ಮನೆ ಬ್ರೌಸರ್ ತೆರೆದಿಟ್ಟಾಗ ರೀಸ್ಟಾರ್ಟ್ ಆಗುತ್ತದೆ. ಹಾಗಾದರೆ ಮೈನಸ್ 5ಕ್ಕೆ ಬನ್ನಿ.

ಕೊನೆಗೆ ಓಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶವನ್ನು ಒಂದು ಗಂಟೆ, ಸೆಕೆಯ ಹೊತ್ತಿನಲ್ಲೇ ಓಡಿಸಿ. ಪರದೆ ನಿಲ್ಲದಿದ್ದರೂ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಡಬ್ಲ್ಯುಎಚ್‌ಇಎ ಎಂಬ ಹಾರ್ಡ್‌ವೇರ್ ದೋಷಗಳು ಬಂದಿವೆಯೇ ನೋಡಿ. ಬಂದಿದ್ದರೆ ಹೆಚ್ಚಾಗಿ ವೋಲ್ಟೇಜು ಸಾಲದು. ಏರಿಸಲು ಜಾಗವಿಲ್ಲದಿದ್ದರೆ ಮಲ್ಟಿಪ್ಲೈಯರ್ ಒಂದು ಇಳಿಸಿ. ದೋಷವಿಲ್ಲದೆ ವೇಗ ಮಾತ್ರ ತಾನಾಗಿ ಕುಸಿದರೆ ಅದು ಹೆಚ್ಚಾಗಿ ಬಿಸಿಯದ್ದು. ಪ್ರೊಸೆಸರ್ ಸರಿಯಾದ ಮೇಲಷ್ಟೇ ಎಕ್ಸ್‌ಎಂಪಿ ಆನ್ ಮಾಡಿ. ಆಮೇಲೆ ತೊಂದರೆ ಬಂದರೆ ಮೊದಲು ರ‍್ಯಾಮನ್ನು ಸಂಶಯಿಸಿ.

ಯುಪಿಎಸ್ಸನ್ನೂ ನೋಡಿಕೊಳ್ಳಿ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವಾಟ್ ಅಷ್ಟೇ ಹೊರುತ್ತದೆ. ಗ್ರಾಫಿಕ್ಸ್ ಕಾರ್ಡು, ಓವರ್‌ಕ್ಲಾಕ್ ಮಾಡಿದ ಪ್ರೊಸೆಸರು ಒಟ್ಟಿಗೆ ದುಡಿಯುತ್ತಿರುವಾಗ ಕರೆಂಟು ಹೋದರೆ ಅದು ಆ ಕ್ಷಣವೇ ಕೈಬಿಡಬಹುದು.

ಪರದೆಯೇ ಬಾರದಿದ್ದರೆ ಹೆದರುವುದು ಬೇಡ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನ ಮೇಲಿರುವ ರೂಪಾಯಿ ನಾಣ್ಯದಷ್ಟಗಲದ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಬಯೋಸ್ ಮೊದಲಿನ ಸ್ಥಿತಿಗೆ ಮರಳುತ್ತದೆ. ನೀವು ಹೊಂದಿಸಿದ್ದೆಲ್ಲ ಅದರೊಂದಿಗೆ ಅಳಿಯುವುದರಿಂದ ಮಲ್ಟಿಪ್ಲೈಯರ್, ವೋಲ್ಟೇಜು, ಲೋಡ್‌ಲೈನ್ ಹಂತ ಮತ್ತು ಪರೀಕ್ಷೆಯ ದಿನದ ಕೋಣೆಯ ಉಷ್ಣತೆ, ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲಿನ ಒಳಬದಿಗೆ ಅಂಟಿಸಿಡಿ. ನಮಸ್ಕಾರ.